ಗ್ರಾಫಿಕ್ಸ್ ಕಾರ್ಡಿನ ಡಬ್ಬದ ಮೇಲೆ ಅದರ ತಲೆಮಾರಿನ ವರ್ಷ ಬರೆಸಿ

ಗೆ,
ಮಾನ್ಯ ಕಾರ್ಯದರ್ಶಿಗಳು,
ಗ್ರಾಹಕ ವ್ಯವಹಾರಗಳ ಇಲಾಖೆ, ಭಾರತ ಸರ್ಕಾರ,
ಕೃಷಿ ಭವನ, ನವದೆಹಲಿ.

ಪ್ರತಿ: ಭಾರತದಲ್ಲಿ ಗ್ರಾಫಿಕ್ಸ್ ಕಾರ್ಡ್ ಮಾರುವ ಕಂಪನಿಗಳು, ವಿತರಕರು ಮತ್ತು ಅಂಗಡಿಯವರಿಗೆ.

ವಿಷಯ: ಒಂದು ಚಿಪ್ ವಿನ್ಯಾಸದ ತಲೆಮಾರಿನ (ಜನರೇಶನ್) ಕೊನೆಗಾಲದಲ್ಲಿ ಬಿಡುಗಡೆಯಾಗಿ ಕೆಲವೇ ತಿಂಗಳಲ್ಲಿ ಹಳತಾಗುವ ಗ್ರಾಫಿಕ್ಸ್ ಕಾರ್ಡುಗಳ ಕುರಿತು.

ಮಾನ್ಯರೇ,

ಕೊಡಗಿನ ಗೋಣಿಕೊಪ್ಪಲಿನಲ್ಲಿ ನಾನು ಸ್ಟುಡಿಯೊ ಇಟ್ಟು ಹದಿನಾಲ್ಕು ವರ್ಷವಾಯಿತು. ಮದುವೆ, ಗೃಹಪ್ರವೇಶ, ಊರಹಬ್ಬ, ಹಾಕಿ ಪಂದ್ಯ, ಹೋಮ್‌ಸ್ಟೇಯವರ ಜಾಹೀರಾತು, ಏನಿದ್ದರೂ ವಿಡಿಯೊ ತೆಗೆದು ಎಡಿಟ್ ಮಾಡಿ ಕೊಡುವುದು ನಮ್ಮ ಕೆಲಸ. ಇಬ್ಬರು ಹುಡುಗರು ಜೊತೆಗಿದ್ದಾರೆ. ಈಗ ಎಲ್ಲರೂ 4ಕೆ ಕೇಳುತ್ತಾರೆ. ಬರಲಾಗದ ನೆಂಟರಿಗಾಗಿ ಮದುವೆಯನ್ನು ಯೂಟ್ಯೂಬಿನಲ್ಲಿ ನೇರ ಪ್ರಸಾರ ಮಾಡಿ ಎನ್ನುತ್ತಾರೆ. ಹೀಗಾಗಿ ಕ್ಯಾಮೆರಾ ಬಿಟ್ಟರೆ ನಮ್ಮ ಅಂಗಡಿಯಲ್ಲಿ ಅತಿ ಹೆಚ್ಚು ಹಣ ಹಾಕಿರುವುದು ಕಂಪ್ಯೂಟರಿನೊಳಗೆ ಚಿತ್ರ, ವಿಡಿಯೊಗಳ ಕೆಲಸ ನೋಡಿಕೊಳ್ಳುವ ಗ್ರಾಫಿಕ್ಸ್ ಕಾರ್ಡಿನ ಮೇಲೆ. ಅದು ಆಟ ಆಡುವ ಮಕ್ಕಳ ಸಾಮಾನು ಎಂದು ಇಂದಿಗೂ ಹಲವರು ತಿಳಿದಿದ್ದಾರೆ. ನಮ್ಮ ಮನೆಯ ಅಕ್ಕಿ ಬರುವುದು ಅದರ ಕೆಲಸದಿಂದ.

2022ರ ಮೇ ಕೊನೆಯಲ್ಲಿ, ಮದುವೆ ಸೀಸನ್ ಮುಗಿದು ಬಾಕಿಯೆಲ್ಲ ಕೈಗೆ ಬಂದ ಮೇಲೆ, ಮಳೆ ಹಿಡಿಯುವ ಮುಂಚೆ ಬೆಂಗಳೂರಿಗೆ ಹೋಗಿ ಒಂದು ಕಾರ್ಡ್ ತಂದೆ. 92,500 ರೂಪಾಯಿ. ಎಸ್.ಪಿ. ರಸ್ತೆಯ ಅಂಗಡಿಯವರು ಡಬ್ಬವನ್ನು ಗಾಜಿನ ಮೇಲೆ ಇಟ್ಟು, "ಸಾರ್, ಹೊಚ್ಚ ಹೊಸ ಮಾಡೆಲ್. ಈ ವರ್ಷವೇ ಲಾಂಚ್ ಆಗಿದ್ದು, ಐದಾರು ವರ್ಷ ತಿರುಗಿ ನೋಡೋ ಹಾಗಿಲ್ಲ" ಎಂದರು. ರಾತ್ರಿ ಬಸ್ಸಿನಲ್ಲಿ ಆ ಡಬ್ಬವನ್ನು ಮೇಲಿನ ಕ್ಯಾರಿಯರಿಗೆ ಹಾಕಲು ಮನಸ್ಸು ಬರದೆ, ಜರ್ಕಿನ್ ಸುತ್ತಿ ತೊಡೆಯ ಮೇಲಿಟ್ಟುಕೊಂಡೇ ಊರಿಗೆ ಬಂದೆ. ಯಾವ ಕಂಪನಿಯ ಕಾರ್ಡು, ಯಾವ ಅಂಗಡಿ ಎಂದು ಇಲ್ಲಿ ಬರೆಯುತ್ತಿಲ್ಲ. ಅಂಗಡಿಯವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆ ಮಾಡೆಲ್ ನಿಜಕ್ಕೂ ಅದೇ ವರ್ಷ ಬಂದದ್ದು. ಆದರೆ ಅದರೊಳಗಿನ ಚಿಪ್ಪಿನ ವಿನ್ಯಾಸ 2020ರದ್ದು. ಅಷ್ಟೊಂದು ಹಣ ಕೊಟ್ಟ ನನಗೆ ಅದನ್ನು ಡಬ್ಬ ಹೇಳಲಿಲ್ಲ, ಬಿಲ್ಲು ಹೇಳಲಿಲ್ಲ, ಮಾರಿದವರೂ ಹೇಳಲಿಲ್ಲ. ಆ ವರ್ಷ ಮುಗಿಯುವುದರೊಳಗೆ ಹೊಸ ತಲೆಮಾರು ಬಂತು. ನನ್ನ ಕಾರ್ಡಿಗೆ ಆಗ ಏಳು ತಿಂಗಳೂ ತುಂಬಿರಲಿಲ್ಲ.

ವೇಗ ಕಡಿಮೆಯಾಯಿತು ಎಂಬುದಷ್ಟೇ ಆಗಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಹೊಸದು ಬಂದಾಗ ಹಳೆಯದು ಹಿಂದೆ ಬೀಳುವುದು ಎಲ್ಲ ಯಂತ್ರಗಳಿಗೂ ಇದ್ದದ್ದೇ. ನನಗೆ ಪೆಟ್ಟು ಬಿದ್ದದ್ದು ಬೇರೆ ಕಡೆ.

2023ರ ಡಿಸೆಂಬರಿನಲ್ಲಿ ಶ್ರೀಮಂಗಲದ ಕಡೆಯ ಒಂದು ಕೊಡವ ಮದುವೆಯ ನೇರ ಪ್ರಸಾರ ಒಪ್ಪಿಕೊಂಡಿದ್ದೆ. ಮದುಮಗಳ ತಮ್ಮ ಸೇನೆಯಲ್ಲಿದ್ದ, ಅವನಿಗೆ ರಜೆ ಸಿಕ್ಕಿರಲಿಲ್ಲ. ಅವನೊಬ್ಬನಿಗಾಗಿಯೇ ಈ ಪ್ರಸಾರ ಎಂದು ಅವರ ತಾಯಿ ಮುಂಗಡ ಕೊಡುವಾಗಲೇ ಹೇಳಿದ್ದರು. ಆ ಜಾಗದಲ್ಲಿ ನೆಟ್‌ವರ್ಕ್ ಹೇಗೆಂದು ಕೊಡಗಿನವರಿಗೆ ಹೇಳಬೇಕಾಗಿಲ್ಲ. ರೂಟರನ್ನು ಜೀಪಿನ ಮೇಲೆ ಕಟ್ಟಿದರೂ ಅಪ್‌ಲೋಡ್ ವೇಗ ಮೂರು ಎಂಬಿಪಿಎಸ್ ದಾಟಲಿಲ್ಲ. ಮುಹೂರ್ತದ ಹೊತ್ತು ಹೇಗೋ ಆಯಿತು, ಎಲ್ಲರೂ ಕೂತಲ್ಲೇ ಕೂತಿದ್ದರು. ಗಂಗಾಪೂಜೆ ಶುರುವಾದಾಗ ಕಷ್ಟ ಬಂತು. ತುಂಬಿದ ಕೊಡ ಹೊತ್ತು ನಿಂತ ಮದುಮಗಳು, ಅವಳ ದಾರಿ ಕಟ್ಟಿ ವಾಲಗಕ್ಕೆ ಕುಣಿಯುವ ನೂರಾರು ಜನ, ಜರಿಯ ಸೀರೆ, ಗಂಡಸರ ಕಪ್ಪು ನಿಲುವಂಗಿ ಕುಪ್ಯ, ಬಿಸಿಲಿನ ಧೂಳು. ಇಷ್ಟೊಂದು ಚಲನೆ ಇರುವ ದೃಶ್ಯವನ್ನು ಆ ಸಣ್ಣ ವೇಗದಲ್ಲಿ ಎಚ್.264 ಎಂಬ ಹಳೆಯ ವಿಡಿಯೊ ಸಂಕೋಚನ ವಿಧಾನದಿಂದ ಕಳಿಸಿದರೆ ಚಿತ್ರ ಒಡೆದುಹೋಗುತ್ತದೆ. ಒಡೆದೇ ಹೋಯಿತು. ಹುಡುಗ ಫೋನ್ ಮಾಡಿ, "ಅಣ್ಣಾ, ಅಕ್ಕನ ಮುಖ ಕಾಣ್ತಾ ಇಲ್ಲ. ಬರೀ ಚೌಕ ಚೌಕ ಬರ್ತಾ ಉಂಟು. ಏನಾದ್ರೂ ಮಾಡಿ" ಎಂದ. ಮಾಡಲು ನನ್ನ ಹತ್ತಿರ ಏನೂ ಇರಲಿಲ್ಲ. ಗಂಗಾಪೂಜೆ ಮುಗಿಯುವವರೆಗೂ ಅವನು ಲೈನಿನಲ್ಲೇ ಇದ್ದ, ವಾಲಗದ ಸದ್ದನ್ನಾದರೂ ಕೇಳಲಿ ಎಂದು ನಾನೂ ಫೋನನ್ನು ಆ ಕಡೆ ಹಿಡಿದು ನಿಂತೆ.

ತಪ್ಪು ನೆಟ್‌ವರ್ಕಿನದು, ಒಪ್ಪುತ್ತೇನೆ. ಆದರೆ ಆ ಹೊತ್ತಿಗೆ ಅದಕ್ಕೊಂದು ಪರಿಹಾರ ಇತ್ತು. ಎವಿ1 ಎಂಬ ಹೊಸ ವಿಡಿಯೊ ಸಂಕೋಚನ ವಿಧಾನ ಅಷ್ಟೇ ಗುಣಮಟ್ಟದ ಚಿತ್ರವನ್ನು ಕಡಿಮೆ ಡೇಟಾದಲ್ಲಿ ಕಳಿಸುತ್ತದೆ. ಎಚ್.264ಕ್ಕಿಂತ ಶೇ 40ರಷ್ಟು ಹೆಚ್ಚು ದಕ್ಷ ಎಂದು ಗ್ರಾಫಿಕ್ಸ್ ಚಿಪ್ ಮಾಡುವ ಎನ್‌ವಿಡಿಯಾ ಕಂಪನಿಯೇ ಹೇಳಿಕೊಂಡಿದೆ. 2023ರ ಮೇ ತಿಂಗಳಿಂದ ಒಬಿಎಸ್ ಎಂಬ ಉಚಿತ ತಂತ್ರಾಂಶದ ಮೂಲಕ ಯೂಟ್ಯೂಬಿಗೆ ಎವಿ1ನಲ್ಲೇ ನೇರ ಪ್ರಸಾರ ಮಾಡಲು ಸಾಧ್ಯವಾಗಿತ್ತು. ಆದರೆ ನೇರ ಪ್ರಸಾರದ ವೇಗಕ್ಕೆ ಸರಿಯಾಗಿ ಎವಿ1 ತಯಾರಿಸಲು ಕಾರ್ಡಿನೊಳಗೆ ಅದಕ್ಕೆಂದೇ ಒಂದು ಭಾಗ ಬೇಕು. ಅದು ಎನ್‌ವಿಡಿಯಾದ ಆರ್‌ಟಿಎಕ್ಸ್ 40 ಸರಣಿಯಲ್ಲಿದೆ, ಅದರ ಎದುರಾಳಿ ಕಂಪನಿ ಎಎಂಡಿಯ ಆರ್‌ಎಕ್ಸ್ 7000 ಸರಣಿಯಲ್ಲಿದೆ. ಎರಡೂ ಬಂದದ್ದು 2022ರ ಕೊನೆಯಲ್ಲಿ. ಅವಕ್ಕಿಂತ ಹಿಂದಿನ ತಲೆಮಾರಿನ ಯಾವ ಕಾರ್ಡಿನಲ್ಲೂ, ಅದು 2022ರಲ್ಲೇ ಬಂದ ಅತಿ ದುಬಾರಿ ಮಾಡೆಲ್ ಆದರೂ, ಎವಿ1 ತಯಾರಿಸಲು ಬರುವುದಿಲ್ಲ, ಹೆಚ್ಚಿನವುಗಳಲ್ಲಿ ನೋಡಲು ಮಾತ್ರ ಬರುತ್ತದೆ. ಡ್ರೈವರ್ ತಂತ್ರಾಂಶದ ಅಪ್‌ಡೇಟ್ ಹಾಕಿ ಸೇರಿಸುವಂಥದ್ದೂ ಅಲ್ಲ, ಚಿಪ್ಪಿನ ಸಿಲಿಕಾನಿನಲ್ಲೇ ಇರಬೇಕಾದದ್ದು. ಅದೇ 2022ರ ಅಕ್ಟೋಬರಿನಲ್ಲಿ ಇಂಟೆಲ್ ಕಂಪನಿ ಅಮೆರಿಕದಲ್ಲಿ 329 ಡಾಲರಿಗೆ ಬಿಟ್ಟ ಆರ್ಕ್ ಎ770 ಕಾರ್ಡಿನಲ್ಲಿ ಆ ಭಾಗ ಇತ್ತು. ಮಾರ್ಚಿನಲ್ಲಿ 1,999 ಡಾಲರಿಗೆ ಬಂದ ಆರ್‌ಟಿಎಕ್ಸ್ 3090 ಟಿಐಯಲ್ಲಿ ಇರಲಿಲ್ಲ.

ನಾನು ಇನ್ನು ಆರೇಳು ತಿಂಗಳು ತಡೆದಿದ್ದರೆ, ಅಥವಾ ನಾನು ಕೊಳ್ಳುತ್ತಿರುವುದು ಎರಡು ವರ್ಷ ಹಳೆಯ ವಿನ್ಯಾಸದ ಕೊನೆಯ ಕುಡಿ ಎಂದು ಯಾರಾದರೂ ಹೇಳಿದ್ದರೆ, ಆ ಹುಡುಗ ತನ್ನ ಅಕ್ಕನ ಮುಖ ನೋಡುತ್ತಿದ್ದ. ಈ ಮಾತನ್ನು ಆವೇಶದಲ್ಲಿ ಬರೆಯುತ್ತಿಲ್ಲ. ಎರಡು ತಿಂಗಳ ಬಳಿಕ ಅದೇ ಕಣಿವೆಯಿಂದ ಇನ್ನೊಬ್ಬ ಯುವಕ, ನನಗಿಂತ ಕಡಿಮೆ ಬೆಲೆಯ ಹೊಸ ಕಾರ್ಡ್ ಇಟ್ಟುಕೊಂಡು, ಹೆಚ್ಚುಕಡಿಮೆ ಅದೇ ವೇಗದ ನೆಟ್‌ವರ್ಕಿನಲ್ಲಿ ಮಾಡಿದ ಪ್ರಸಾರವನ್ನು ನಮ್ಮ ಅಂಗಡಿಯಲ್ಲಿ ಕೂತು ಪೂರ್ತಿ ನೋಡಿದೆ. ಕುಣಿತದ ಹೊತ್ತಿನಲ್ಲೂ ಮುಖಗಳು ಗುರುತು ಸಿಗುತ್ತಿದ್ದವು.

ಇನ್ನು ವಿಷಯದ ಬುಡಕ್ಕೆ ಬರುತ್ತೇನೆ. ಈ ಕಂಪನಿಗಳು ಸುಮಾರು ಎರಡು ವರ್ಷಕ್ಕೊಮ್ಮೆ ಚಿಪ್ಪಿನ ಹೊಸ ವಿನ್ಯಾಸ ತರುತ್ತವೆ. ಎನ್‌ವಿಡಿಯಾದ್ದನ್ನೇ ತೆಗೆದುಕೊಂಡರೆ ಆರ್‌ಟಿಎಕ್ಸ್ 20 ಸರಣಿ 2018ರ ಸೆಪ್ಟೆಂಬರ್, 30 ಸರಣಿ 2020ರ ಸೆಪ್ಟೆಂಬರ್, 40 ಸರಣಿ 2022ರ ಅಕ್ಟೋಬರ್, 50 ಸರಣಿ 2025ರ ಜನವರಿ. ನಡುವಿನ ಅವಧಿಯಲ್ಲಿ ಅದೇ ವಿನ್ಯಾಸದ ಮೇಲೆ ಟಿಐ, ಸೂಪರ್, 50 ಎಂದು ಕೊನೆಯಾಗುವ ಸಂಖ್ಯೆ, ಹೆಚ್ಚು ಮೆಮೊರಿ ಎಂದು ಬೇರೆ ಬೇರೆ ಹೆಸರಿನಲ್ಲಿ ಕಾರ್ಡುಗಳು ಬರುತ್ತಲೇ ಇರುತ್ತವೆ. ಇದಕ್ಕೆ ಕಾರಣಗಳಿವೆ. ಕಾರ್ಖಾನೆಯ ಕೈ ಪಳಗಿದಂತೆ ದೋಷವಿಲ್ಲದ ಚಿಪ್ಪುಗಳು ಹೆಚ್ಚು ಸಿಗುತ್ತವೆ. 3090 ಟಿಐಯಲ್ಲಿ ಆ ಚಿಪ್ಪಿನ 10,752 ಕೋರುಗಳೂ (ಲೆಕ್ಕ ಮಾಡುವ ಪುಟ್ಟ ಘಟಕಗಳು) ಕೆಲಸ ಮಾಡುತ್ತಿದ್ದವು, ಒಂದೂವರೆ ವರ್ಷ ಮೊದಲು ಬಂದ 3090ರಲ್ಲಿ 10,496 ಮಾತ್ರ. ಎದುರಾಳಿ ಕಂಪನಿ ಬೆಲೆ ಇಳಿಸಿದರೆ ಅದಕ್ಕೆ ಉತ್ತರವಾಗಿಯೂ ನಡುವೆ ಒಂದು ಮಾಡೆಲ್ ಬರುತ್ತದೆ. ವ್ಯಾಪಾರವೆಂದರೆ ಇಷ್ಟೆಲ್ಲ ಇರುತ್ತದೆ, ಅದರ ಮೇಲೆ ನನ್ನ ತಕರಾರಿಲ್ಲ.

ಕೊನೆಗೆ ಬಂದವುಗಳ ಗತಿ ಮಾತ್ರ ನೋಡಿ. 3090 ಟಿಐ 2022ರ ಮಾರ್ಚ್ 29ಕ್ಕೆ ಬಂತು. ಅಕ್ಟೋಬರ್ 12ಕ್ಕೆ ಆರ್‌ಟಿಎಕ್ಸ್ 4090 ಬಂತು, ಬೆಲೆ 1,599 ಡಾಲರ್. ನಾಲ್ಕು ನೂರು ಡಾಲರ್ ಕಡಿಮೆ ಬೆಲೆಗೆ, ಅದೇ 450 ವಾಟ್ ವಿದ್ಯುತ್ತಿನಲ್ಲಿ, ಒಂದೂವರೆ ಪಟ್ಟಿಗಿಂತಲೂ ಹೆಚ್ಚು ವೇಗ. ಅದರ ಜೊತೆ ಬಂದ, ಆಟದ ದೃಶ್ಯಗಳ ನಡುವೆ ತಾನೇ ಚಿತ್ರ ಸೇರಿಸಿ ಚಲನೆಯನ್ನು ನಯಗೊಳಿಸುವ ಡಿಎಲ್‌ಎಸ್‌ಎಸ್ 3ರ ಫ್ರೇಮ್ ಜನರೇಶನ್ ಸೌಲಭ್ಯವನ್ನು ಹೊಸ ಸರಣಿಗೆ ಮಾತ್ರ ಕೊಟ್ಟರು. ಆರೂವರೆ ತಿಂಗಳ ಹಿಂದಷ್ಟೇ ಆ ಕಂಪನಿಯ ಅತಿ ದುಬಾರಿ ಕಾರ್ಡ್ ಕೊಂಡವರಿಗೆ ಅದು ಸಿಗಲಿಲ್ಲ. ಎಎಂಡಿಯ ಆರ್‌ಎಕ್ಸ್ 6950 ಎಕ್ಸ್‌ಟಿ 2022ರ ಮೇ 10ಕ್ಕೆ 1,099 ಡಾಲರಿಗೆ ಬಂತು. ಡಿಸೆಂಬರ್ 13ಕ್ಕೆ ಅದಕ್ಕಿಂತ ವೇಗದ ಆರ್‌ಎಕ್ಸ್ 7900 ಎಕ್ಸ್‌ಟಿ 899 ಡಾಲರಿಗೆ ಬಂತು. ಅದಕ್ಕೂ ಹಿಂದೆ 2019ರ ಫೆಬ್ರವರಿಯಲ್ಲಿ 699 ಡಾಲರಿನ ರೇಡಿಯಾನ್ 7 ಬಂದಿತ್ತು. ಐದೇ ತಿಂಗಳಲ್ಲಿ ಆಟಗಳ ವೇಗದಲ್ಲಿ ಅದರ ಹತ್ತಿರಹತ್ತಿರ ಬರುವ ಆರ್‌ಎಕ್ಸ್ 5700 ಎಕ್ಸ್‌ಟಿ 399 ಡಾಲರಿಗೆ ಬಂತು. ರೇಡಿಯಾನ್ 7ನಲ್ಲಿದ್ದ 16 ಜಿಬಿ ವೇಗದ ಮೆಮೊರಿಯನ್ನು ನಮ್ಮಂಥ ಎಡಿಟಿಂಗ್ ಮಾಡುವವರು ಇಷ್ಟಪಟ್ಟಿದ್ದರು ಎಂಬುದನ್ನೂ ಇಲ್ಲೇ ಹೇಳಬೇಕು.

ಎಲ್ಲ ತಡವಾದ ಕಾರ್ಡೂ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. 2019ರ ಜುಲೈಯಲ್ಲಿ ಆರ್‌ಟಿಎಕ್ಸ್ 2070 ಸೂಪರ್, ಹಳೆಯ 2070ರ 499 ಡಾಲರ್ ಬೆಲೆಗೇ ಹೆಚ್ಚು ವೇಗ ಕೊಟ್ಟಿತು. 2024ರ ಜನವರಿಯ 4070 ಸೂಪರ್ ಕೂಡ ಹಾಗೆಯೇ. ಅವನ್ನು ಕೊಂಡವರಿಗೆ ಲಾಭವೇ ಆಯಿತು. ಹೊಡೆತ ಬಿದ್ದದ್ದು ಸ್ವಲ್ಪ ಮೊದಲು ಕೊಂಡವರಿಗೆ. 4070 ಟಿಐ 2023ರ ಜನವರಿಯಲ್ಲಿ 799 ಡಾಲರಿಗೆ 12 ಜಿಬಿ ಮೆಮೊರಿಯೊಂದಿಗೆ ಬಂದಿತ್ತು. ಒಂದು ವರ್ಷ ಕಳೆದು ಅದೇ ಬೆಲೆಗೆ 16 ಜಿಬಿಯ 4070 ಟಿಐ ಸೂಪರ್ ಬಂತು, ಮೊದಲಿನದನ್ನು ನಿಲ್ಲಿಸಿದರು. 4080 ಸೂಪರ್ 999 ಡಾಲರಿಗೆ ಬಂದದ್ದು 2024ರ ಜನವರಿ 31ಕ್ಕೆ. ಅದೇ 999 ಡಾಲರಿಗೆ ಮುಂದಿನ ತಲೆಮಾರಿನ 5080 ಬಂದದ್ದು 2025ರ ಜನವರಿ 30ಕ್ಕೆ. ಒಂದು ವರ್ಷಕ್ಕೆ ಒಂದು ದಿನ ಕಡಿಮೆ.

ಮಹಾನಗರದವರು ಇದಕ್ಕೆ ಹೊಂದಿಕೊಳ್ಳಬಹುದು. ತಿಂಗಳ ಸಂಬಳದವರು ಎರಡು ತಿಂಗಳು ಕಾಯಬಹುದು, ಹಳೆಯದನ್ನು ಮಾರಿ ಹೊಸದಕ್ಕೆ ಹೋಗಬಹುದು, ಕೊಳ್ಳುವವರೂ ಅಲ್ಲೇ ಸಿಗುತ್ತಾರೆ. ನಮ್ಮ ಜಿಲ್ಲೆಯ ಹಣದ ಲೆಕ್ಕ ಬೇರೆ. ಅರೇಬಿಕ ಕೊಯ್ಲು ನವೆಂಬರಿನಿಂದ, ರೊಬಸ್ಟ ಜನವರಿಯಿಂದ. ಒಣಗಿಸಿ, ಚೀಲ ಕಟ್ಟಿ, ಮಾರಿ, ಹಣ ಮನೆ ಸೇರುವುದು ಫೆಬ್ರವರಿಯಿಂದ ಏಪ್ರಿಲಿನ ಒಳಗೆ. ಸಾಲ ತೀರಿಸುವುದು, ಮಕ್ಕಳ ಕಾಲೇಜು ಫೀಸು, ಮದುವೆ, ಮನೆ ರಿಪೇರಿ, ಎಲ್ಲವೂ ಆಗಲೇ. ನಮ್ಮಂಥವರಿಗೆ ಬರಬೇಕಾದ ದುಡ್ಡೂ ಆಗಲೇ ಬರುತ್ತದೆ. ಇಂಜಿನಿಯರಿಂಗ್, ಅನಿಮೇಶನ್ ಓದುವ ಮಗನಿಗೋ ಮಗಳಿಗೋ ಒಳ್ಳೆಯ ಕಂಪ್ಯೂಟರ್ ಕೊಡಿಸಬೇಕೆಂದರೆ ತೋಟದವರು ಕೊಡಿಸುವುದು ಏಪ್ರಿಲ್, ಮೇ ತಿಂಗಳಲ್ಲಿ. ಹೊಸ ತಲೆಮಾರು ಬಂದ ತಿಂಗಳುಗಳನ್ನು ಮತ್ತೊಮ್ಮೆ ನೋಡಿ: 2018ರ ಸೆಪ್ಟೆಂಬರ್, 2020ರ ಸೆಪ್ಟೆಂಬರ್, 2022ರ ಅಕ್ಟೋಬರ್. ಎಎಂಡಿಯವು 2020ರ ನವೆಂಬರ್, 2022ರ ಡಿಸೆಂಬರ್. ಆ ವರ್ಷಗಳ ಏಪ್ರಿಲಿನಲ್ಲಿ ಹಣ ಹಿಡಿದುಕೊಂಡು ಅಂಗಡಿಗೆ ಹೋದ ಕೊಡಗಿನವರಿಗೆ ಸಿಕ್ಕಿದ್ದು ಕೊನೆಗಾಲದ ಮಾಲು. ಇದನ್ನು ಯಾರೂ ಬೇಕೆಂದು ಮಾಡಿದ್ದಲ್ಲ. ಆದರೆ ವರ್ಷಕ್ಕೊಮ್ಮೆ ಕೈಗೆ ಹಣ ಬರುವವರಿಗೆ ತಿಂಗಳ ಲೆಕ್ಕದಲ್ಲಿ ಹಳತಾಗುವ ವಸ್ತುವನ್ನು ಮಾರುವಾಗ, ಅದು ಎಷ್ಟು ಹಳೆಯದೆಂದು ತಿಳಿಸುವ ಹೊಣೆ ಮಾರುವವರ ಮೇಲಿದೆ.

ಇದೇ ಗೋಣಿಕೊಪ್ಪಲಿನಲ್ಲಿ ಕಾಫಿ ಗಿಡ ಕೊಳ್ಳಲು ಹೋದರೆ ಯಾವ ತಳಿ, ಬೀಜ ಎಲ್ಲಿಂದ ಬಂತು, ಎಷ್ಟು ತಿಂಗಳ ಸಸಿ ಎಂದು ಕೇಳದೆ ಯಾರೂ ಒಂದು ಗಿಡ ಎತ್ತುವುದಿಲ್ಲ. ಚಂದ್ರಗಿರಿ ತಳಿ ಬಿಡುಗಡೆಯಾದದ್ದು 2007ರಲ್ಲಿ ಎಂದು ನಮ್ಮ ತೋಟದವರು ಬಾಯಲ್ಲೇ ಹೇಳುತ್ತಾರೆ. ಅದೇ ಜನ ತೊಂಬತ್ತು ಸಾವಿರದ ಕಾರ್ಡ್ ಕೊಳ್ಳುವಾಗ ಅದರ ತಳಿ ಯಾವ ವರ್ಷದ್ದೆಂದು ತಿಳಿಯುವ ದಾರಿ ಇಲ್ಲ.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಡ್ರೈವರಿನ ವಿಚಾರ. ಕಾರ್ಡ್ ಕೆಲಸ ಮಾಡಲು ಕಂಪನಿ ಕಾಲಕಾಲಕ್ಕೆ ಡ್ರೈವರ್ ತಂತ್ರಾಂಶ ಕೊಡುತ್ತಿರಬೇಕು. ಅದು ನಿಂತರೆ ಹೊಸ ಎಡಿಟಿಂಗ್ ತಂತ್ರಾಂಶಗಳು ಒಂದೊಂದಾಗಿ ಕೈಕೊಡಲು ಶುರುಮಾಡುತ್ತವೆ. ಈ ಬೆಂಬಲವನ್ನು ನಿಲ್ಲಿಸುವುದು ಮಾಡೆಲ್ ಲೆಕ್ಕದಲ್ಲಿ ಅಲ್ಲ, ಇಡೀ ತಲೆಮಾರಿನ ಲೆಕ್ಕದಲ್ಲಿ. ಎನ್‌ವಿಡಿಯಾದ ಜಿಟಿಎಕ್ಸ್ 1070 ಬಂದದ್ದು 2016ರ ಜೂನಿನಲ್ಲಿ. ಅದೇ ವಿನ್ಯಾಸದ 1070 ಟಿಐ ಬಂದದ್ದು 2017ರ ನವೆಂಬರಿನಲ್ಲಿ, ಹದಿನೇಳು ತಿಂಗಳು ತಡವಾಗಿ. ಆ ತಲೆಮಾರಿಗೆ ಹೊಸ ಆಟಗಳಿಗೆಂದು ಕೊಡುವ ಗೇಮ್ ರೆಡಿ ಡ್ರೈವರಿನ ಕೊನೆಯ ಆವೃತ್ತಿ 2025ರ ಅಕ್ಟೋಬರಿನಲ್ಲಿ ಎಂದು ಕಂಪನಿ ಪ್ರಕಟಿಸಿತು. ಭದ್ರತೆಯ ಅಪ್‌ಡೇಟು ಮಾತ್ರ 2028ರ ಅಕ್ಟೋಬರಿನವರೆಗೆ. ಮೊದಲು ಕೊಂಡವರಿಗೂ ತಡವಾಗಿ ಕೊಂಡವರಿಗೂ ಒಂದೇ ದಿನ ಬಾಗಿಲು ಹಾಕಿತು. ಅಷ್ಟು ದೀರ್ಘ ಕಾಲ ಬೆಂಬಲ ಕೊಟ್ಟದ್ದಕ್ಕೆ ಆ ಕಂಪನಿಯನ್ನು ಮೆಚ್ಚಲೇಬೇಕು. ಆದರೆ ಎಲ್ಲ ತಲೆಮಾರಿಗೂ ಈ ಅದೃಷ್ಟ ಇಲ್ಲ. 2025ರ ಅಕ್ಟೋಬರಿನಲ್ಲಿ ಎಎಂಡಿ ತನ್ನ ಆರ್‌ಎಕ್ಸ್ 5000, 6000 ಸರಣಿಗಳನ್ನು ನಿರ್ವಹಣೆಯ ಹಂತಕ್ಕೆ ಸರಿಸುವುದಾಗಿ ಹೇಳಿತು. ಜನರ ಆಕ್ಷೇಪ ಬಂದ ಮೇಲೆ ಹೊಸ ಆಟಗಳಿಗೆ ಬೆಂಬಲ ಮುಂದುವರಿಯುತ್ತದೆ ಎಂದು ಸ್ಪಷ್ಟನೆ ಕೊಟ್ಟಿತು. ಆ ದಿನಕ್ಕೆ 6000 ಸರಣಿಯ 6950 ಎಕ್ಸ್‌ಟಿಯ ವಯಸ್ಸು ಮೂರೂವರೆ ವರ್ಷ ಮಾತ್ರ. ವಾರಂಟಿಯನ್ನು ಬಿಲ್ಲಿನ ದಿನದಿಂದ ಎಣಿಸುತ್ತಾರೆ. ಡ್ರೈವರನ್ನು ತಲೆಮಾರು ಹುಟ್ಟಿದ ದಿನದಿಂದ ಎಣಿಸುತ್ತಾರೆ. ಕೊಳ್ಳುವವನಿಗೆ ಮೊದಲನೆಯದನ್ನು ಮಾತ್ರ ಹೇಳುತ್ತಾರೆ.

ಇದಕ್ಕೆ ಅಂಟಿಕೊಂಡ ಇನ್ನೊಂದು ಅಭ್ಯಾಸವನ್ನೂ ತಮ್ಮ ಗಮನಕ್ಕೆ ತರುತ್ತೇನೆ. ತಡವಾಗಿ ಬರುವ ಕೆಲವು ಕಾರ್ಡುಗಳಿಗೆ ಹಳೆಯ ಹೆಸರನ್ನೇ ಇಟ್ಟು ಒಳಗಿನ ಶಕ್ತಿ ಕಡಿಮೆ ಮಾಡಲಾಗುತ್ತದೆ. ಆರ್‌ಟಿಎಕ್ಸ್ 3060 ಎಂದು 2021ರಲ್ಲಿ ಬಂದದ್ದು 12 ಜಿಬಿ, ಮೆಮೊರಿಗೆ ಡೇಟಾ ಓಡಾಡುವ ದಾರಿ 192 ಬಿಟ್ ಅಗಲ. 2022ರ ಕೊನೆಗೆ ಅದೇ 3060 ಹೆಸರಿನಲ್ಲಿ 8 ಜಿಬಿಯದು ಬಂತು, ದಾರಿ 128 ಬಿಟ್. 2022ರ ಆರ್‌ಟಿಎಕ್ಸ್ 3050ರಲ್ಲಿ 2,560 ಕೋರು, 128 ಬಿಟ್. 2024ರ ಫೆಬ್ರವರಿಯಲ್ಲಿ ಬಂದ 6 ಜಿಬಿಯ 3050ರಲ್ಲಿ 2,304 ಕೋರು, 96 ಬಿಟ್. ಈ ಎರಡನೆಯದು ಬೇರೆ ಪವರ್ ವೈರ್ ಬೇಡದೆ 70 ವಾಟಿನಲ್ಲಿ ನಡೆಯುತ್ತದೆ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು ಹೋಗಿ ಯುಪಿಎಸ್ ಮೇಲೆ ದಿನ ದೂಡುವ ನಮ್ಮ ಕಡೆಗೆ ಅದೊಂದು ಒಳ್ಳೆಯ ಗುಣವೇ. ಹಾಗಿದ್ದರೆ ಅದಕ್ಕೆ ಬೇರೆ ಹೆಸರಿಟ್ಟು, ಆ ಗುಣವನ್ನೇ ಹೇಳಿ ಮಾರಬಹುದಿತ್ತು. ಹಳೆಯ 3050ರ ಬಗ್ಗೆ ಬಂದ ವಿಮರ್ಶೆ ಓದಿಕೊಂಡು ಹೋಗುವ ವಿದ್ಯಾರ್ಥಿ ಬೇರೊಂದು ವಸ್ತುವನ್ನು ಮನೆಗೆ ತರುತ್ತಾನೆ.

ಮುಂದೆ ಬರುವ ಮಾಡೆಲುಗಳನ್ನು ಮೊದಲೇ ಹೇಳಿದರೆ ವ್ಯಾಪಾರ ಕೆಡುತ್ತದೆ, ಎದುರಾಳಿಗೆ ಗುಟ್ಟು ಬಿಟ್ಟುಕೊಟ್ಟಂತೆ ಆಗುತ್ತದೆ ಎಂದು ಕಂಪನಿಗಳು ಹೇಳಬಹುದು. ಮುಂದಿನದನ್ನು ಹೇಳಿ ಎಂದು ನಾನು ಕೇಳುತ್ತಿಲ್ಲ. ಈಗಾಗಲೇ ಆಗಿಹೋದದ್ದನ್ನು ಡಬ್ಬದ ಮೇಲೆ ಬರೆಯಿರಿ ಎನ್ನುತ್ತಿದ್ದೇನೆ. "ಈ ಚಿಪ್ಪಿನ ವಿನ್ಯಾಸ ಮೊದಲು ಬಿಡುಗಡೆಯಾದದ್ದು: 2020" ಎಂಬ ಒಂದು ಸಾಲು 2022ರ ಮೇ ತಿಂಗಳಲ್ಲಿ ನಾನು ಹಿಡಿದ ಡಬ್ಬದ ಮೇಲೆ ಇದ್ದಿದ್ದರೆ ಅದರಲ್ಲಿ ಯಾರ ಗುಟ್ಟೂ ಹೋಗುತ್ತಿರಲಿಲ್ಲ. ಎರಡು ವರ್ಷಕ್ಕೊಮ್ಮೆ ಹೊಸದು ಬರುತ್ತದೆ ಎಂದು ಗೊತ್ತಿರುವ ಯಾವನೇ ಆದರೂ ಬೆರಳು ಮಡಚಿ ಎಣಿಸಿ, ಈಗ ಕೊಳ್ಳಬೇಕೋ ಕಾಯಬೇಕೋ ಎಂದು ತೀರ್ಮಾನ ಮಾಡುತ್ತಿದ್ದ. ಅವಸರ ಇದ್ದವನು ಆಗಲೂ ಕೊಳ್ಳುತ್ತಿದ್ದ, ಸ್ವಲ್ಪ ಚೌಕಾಸಿ ಮಾಡಿ ಕೊಳ್ಳುತ್ತಿದ್ದ.

ಇದು ನಮ್ಮ ಕಾನೂನಿಗೆ ಹೊರತಾದ ಬೇಡಿಕೆಯೂ ಅಲ್ಲ. ವಸ್ತುವಿನ ಗುಣಮಟ್ಟ, ಪ್ರಮಾಣ, ಸಾಮರ್ಥ್ಯ, ಶುದ್ಧತೆ, ದರ್ಜೆ, ಬೆಲೆ ಇವನ್ನು ತಿಳಿಯುವ ಹಕ್ಕು ಗ್ರಾಹಕನದು ಎಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಪ್ಯಾಕೆಟ್ ಮಾಡಿದ ಸರಕಿನ ಮೇಲೆ ಎಂಆರ್‌ಪಿ, ತಯಾರಾದ ತಿಂಗಳು ಮತ್ತು ವರ್ಷ, ಆಮದಾದದ್ದಾದರೆ ಮೂಲ ದೇಶ ಬರೆಯಬೇಕೆಂಬ ನಿಯಮವನ್ನು ತಮ್ಮ ಇಲಾಖೆಯೇ ನೋಡಿಕೊಳ್ಳುತ್ತದೆ. ಆದರೆ 2022ರಲ್ಲಿ ತಯಾರಾದ ಕಾರ್ಡಿನ ಮೇಲೆ 2022 ಎಂದೇ ಇರುತ್ತದೆ, ಒಳಗಿನ ವಿನ್ಯಾಸದ ವಯಸ್ಸು ಅದರಿಂದ ತಿಳಿಯುವುದಿಲ್ಲ. ಏರ್ ಕಂಡೀಶನರಿನ ಸ್ಟಾರ್ ಲೇಬಲ್ ನೋಡಿ, ಆ ಸ್ಟಾರು ಯಾವ ಅವಧಿಯ ಅಳತೆಯದು ಎಂದು ಲೇಬಲಿನ ಮೇಲೇ ಅಚ್ಚಾಗಿರುತ್ತದೆ. ಹಳೆಯ ಅಳತೆಯ ಐದು ಸ್ಟಾರನ್ನು ಹೊಸ ಅಳತೆಯದೆಂದು ಯಾರೂ ನಂಬಿ ಮೋಸಹೋಗಬೇಕಾಗಿಲ್ಲ. ಗ್ರಾಫಿಕ್ಸ್ ಕಾರ್ಡಿಗೂ ಅಂಥದೊಂದು ಸಾಲು ಸಾಕು.

ಹೊರದೇಶಗಳು ಇನ್ನೂ ಮುಂದೆ ಹೋಗಿವೆ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಫೋನು, ರೂಟರು ಮುಂತಾದ ಇಂಟರ್ನೆಟ್ ಸಾಧನಗಳನ್ನು ತಯಾರಿಸುವ ಕಂಪನಿಗಳು ಭದ್ರತಾ ಅಪ್‌ಡೇಟ್ ಕನಿಷ್ಠ ಎಲ್ಲಿಯವರೆಗೆ ಸಿಗುತ್ತದೆಂದು ಹೇಳಲೇಬೇಕು. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಜಾರಿಯಾದ ನಿಯಮದಲ್ಲಿ ನನಗೆ ಬಹಳ ಹಿಡಿಸಿದ ಅಂಶವೊಂದಿದೆ. ಸ್ಮಾರ್ಟ್‌ಫೋನಿಗೆ ಕನಿಷ್ಠ ಐದು ವರ್ಷ ತಂತ್ರಾಂಶದ ಅಪ್‌ಡೇಟ್ ಕೊಡಬೇಕು, ಮತ್ತು ಆ ಐದು ವರ್ಷವನ್ನು ಎಣಿಸುವುದು ಆ ಮಾಡೆಲಿನ ಕೊನೆಯ ಫೋನು ಮಾರುಕಟ್ಟೆಗೆ ಬಂದ ದಿನದಿಂದ. ತಡವಾಗಿ ಕೊಂಡವನಿಗೆ ಅಲ್ಲಿ ನಷ್ಟವಿಲ್ಲ. ಈ ಎರಡೂ ನಿಯಮಗಳನ್ನು ಗ್ರಾಫಿಕ್ಸ್ ಕಾರ್ಡಿಗಾಗಿ ಮಾಡಿದ್ದಲ್ಲ, ಆದರೆ ದಾರಿ ಅಲ್ಲಿದೆ. ತಮ್ಮ ಇಲಾಖೆಯೂ 2022ರ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕ ದಿನದಂದೇ, ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. 2024ರಲ್ಲಿ ರಿಪೇರಿ ಸೂಚ್ಯಂಕಕ್ಕಾಗಿ ಸಮಿತಿ ರಚಿಸಿತು. ಆ ಕೆಲಸವನ್ನು ಇನ್ನೊಂದು ಹೆಜ್ಜೆ ಮುಂದೆ ತನ್ನಿ ಎಂದು ಕೇಳುತ್ತಿದ್ದೇನೆ.

ನನ್ನ ಕೋರಿಕೆ ಇಷ್ಟು. ಗ್ರಾಫಿಕ್ಸ್ ಕಾರ್ಡಿನ ಡಬ್ಬದ ಮೇಲೂ ಆನ್‌ಲೈನ್ ಅಂಗಡಿಯ ಪುಟದಲ್ಲೂ ಎರಡು ದಿನಾಂಕ ಕಾಣುವಂತೆ ಇರಲಿ, ಆ ಮಾಡೆಲ್ ಬಂದ ತಿಂಗಳು ಮತ್ತು ಅದರ ಚಿಪ್ಪಿನ ತಲೆಮಾರು ಮೊದಲು ಬಂದ ತಿಂಗಳು. ಮಾಲು ಸಿಗುವುದು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುವುದರಿಂದ ನಮ್ಮ ಕಡೆಯ ಹೆಚ್ಚಿನವರು ಈಗ ಆನ್‌ಲೈನಿನಲ್ಲೇ ತರಿಸುತ್ತಾರೆ, ಹಾಗಾಗಿ ಆ ಪುಟದಲ್ಲಿ ಇರುವುದು ಡಬ್ಬದ ಮೇಲೆ ಇರುವಷ್ಟೇ ಮುಖ್ಯ. ಡ್ರೈವರ್ ಬೆಂಬಲ ಕನಿಷ್ಠ ಯಾವ ವರ್ಷದವರೆಗೆ ಎಂಬುದನ್ನು ಕೊಳ್ಳುವ ಮೊದಲೇ ತಿಳಿಸಲಿ, ಆ ಅವಧಿಯನ್ನು ಆ ಮಾಡೆಲಿನ ಮಾರಾಟ ನಿಂತ ದಿನದಿಂದ ಎಣಿಸಲಿ. ಕೋರು, ಮೆಮೊರಿ, ದಾರಿಯ ಅಗಲ ಬದಲಾದರೆ ಹೆಸರೂ ಬದಲಾಗಲಿ.

ಕಂಪನಿಗಳಿಗೆ ಒಂದು ಮಾತು ಪ್ರತ್ಯೇಕವಾಗಿ ಹೇಳಬೇಕು. ಅಮೆರಿಕದ ಇವಿಜಿಎ ಎಂಬ ಕಂಪನಿ ಸ್ಟೆಪ್ ಅಪ್ ಎಂಬ ವ್ಯವಸ್ಥೆ ಇಟ್ಟಿತ್ತು. ಕಾರ್ಡ್ ಕೊಂಡ 90 ದಿನದೊಳಗೆ ವ್ಯತ್ಯಾಸದ ಹಣ ಕೊಟ್ಟರೆ ಮೇಲಿನ ಮಾಡೆಲಿಗೆ ಬದಲಾಯಿಸಿಕೊಳ್ಳಬಹುದಿತ್ತು. 2022ರ ಸೆಪ್ಟೆಂಬರಿನಲ್ಲಿ ಆ ಕಂಪನಿ ಗ್ರಾಫಿಕ್ಸ್ ಕಾರ್ಡಿನ ವ್ಯಾಪಾರದಿಂದಲೇ ಹೊರಬಂತು. ಅಂಥ ವ್ಯವಸ್ಥೆ ನಡೆಸಲು ಸಾಧ್ಯ ಎಂಬುದನ್ನಂತೂ ಅದು ತೋರಿಸಿಕೊಟ್ಟಿತ್ತು. ತಲೆಮಾರಿನ ಕೊನೆಯ ವರ್ಷದಲ್ಲಿ ಬಿಡುಗಡೆಯಾಗುವ ಮಾಡೆಲುಗಳಿಗಾದರೂ ನೀವು ಭಾರತದಲ್ಲಿ ಹೀಗೊಂದು ಬದಲಾವಣೆಯ ಅವಕಾಶ ಕೊಡಿ. ಆರು ತಿಂಗಳ ಅವಧಿ ಇಟ್ಟರೆ ಏಪ್ರಿಲಿನಲ್ಲಿ ಕೊಳ್ಳುವ ನಮ್ಮವರೂ ಅದರೊಳಗೆ ಬರುತ್ತಾರೆ. ಹೊಸದು ಬರಲಿದೆ ಎಂದು ನಿಮಗೆ ಗೊತ್ತಿದ್ದು ಹಳೆಯದನ್ನು ಪೂರ್ತಿ ಬೆಲೆಗೆ ಕೊಟ್ಟಿರುತ್ತೀರಿ, ಅಷ್ಟರಮಟ್ಟಿನ ಹೊಣೆ ಹೊರುವುದು ನ್ಯಾಯ.

ಅಂಗಡಿಯವರಲ್ಲೂ ಒಂದು ವಿನಂತಿ. ಗಿರಾಕಿ ಮಡಿಕೇರಿಯಿಂದಲೋ ಸೋಮವಾರಪೇಟೆಯಿಂದಲೋ ರಾತ್ರಿ ಬಸ್ಸು ಹತ್ತಿ ಬಂದಿರುತ್ತಾನೆ, ಮತ್ತೆ ಅಷ್ಟು ದೂರ ವಾಪಸ್ ಹೋಗಬೇಕು, ಕೊಂಡದ್ದನ್ನು ಬದಲಾಯಿಸಲು ಇನ್ನೊಮ್ಮೆ ಬರಲಾರ. ಅವನಿಗೆ "ಇದರ ಜನರೇಶನ್ ಎರಡು ವರ್ಷದ್ದು, ಅವಸರ ಇಲ್ಲದಿದ್ದರೆ ಸ್ವಲ್ಪ ಕಾಯಿರಿ" ಎಂದು ಹೇಳಿ. ಅವನು ಕಾದು, ಹೊಸದು ಬಂದಾಗ ನಿಮ್ಮ ಅಂಗಡಿಗೇ ಬರುತ್ತಾನೆ. ನನಗೆ ಹಾಗೆ ಯಾರಾದರೂ ಹೇಳಿದ್ದರೆ ನಾನು ಬರುತ್ತಿದ್ದೆ.

ಆ ಕಾರ್ಡ್ ಇಂದಿಗೂ ನಮ್ಮ ಅಂಗಡಿಯಲ್ಲಿ ಕೆಲಸ ಮಾಡುತ್ತಿದೆ. ಎಡಿಟಿಂಗಿಗೆ ಸಾಕಾಗುತ್ತದೆ, ನೇರ ಪ್ರಸಾರಕ್ಕೆ ಅದನ್ನು ಈಗ ಒಯ್ಯುವುದಿಲ್ಲ. ಅದಕ್ಕಾಗಿ ಸಾಲ ಮಾಡಿ ಇನ್ನೊಂದು ಕಾರ್ಡ್ ತಂದಿದ್ದೇನೆ. ತರುವ ಮುಂಚೆ ಅದರ ತಲೆಮಾರು ಯಾವಾಗಿನದೆಂದು ಹುಡುಕಲು ಒಂದು ವಾರ ಹಿಡಿಯಿತು. ಹಳೆಯ ಕಾರ್ಡಿನ ಬಿಲ್ಲು ಮತ್ತು ಡಬ್ಬ ಎರಡನ್ನೂ ಇಟ್ಟುಕೊಂಡಿದ್ದೇನೆ. ಇಲಾಖೆ ಈ ವಿಷಯವನ್ನು ಕೈಗೆತ್ತಿಕೊಂಡರೆ ಅವುಗಳ ಚಿತ್ರಗಳನ್ನೂ, ಆ ದಿನದ ನೇರ ಪ್ರಸಾರದ ರೆಕಾರ್ಡಿಂಗನ್ನು ಆ ಮನೆಯವರ ಒಪ್ಪಿಗೆ ಪಡೆದು ತಮಗೆ ಕಳಿಸಿಕೊಡುತ್ತೇನೆ.

ತಮ್ಮ ಉತ್ತರಕ್ಕಾಗಿ ಕಾಯುತ್ತಿರುವ,

ತಮ್ಮ ವಿಶ್ವಾಸಿ,
ಸ್ಟುಡಿಯೊ ನಡೆಸುವ ಒಬ್ಬ ಗ್ರಾಹಕ,
ಗೋಣಿಕೊಪ್ಪಲು, ಕೊಡಗು ಜಿಲ್ಲೆ.